41 ಎತ್ತಿಕೊಂಡೆ, 40 ಸಿಕ್ಕಿತು: ಹಂಗಾಮಿ ಕಾಸ್ಟ್ ಆನ್ ಕಲಿಯುವುದು ಹೇಗೆ?

ಪ್ರಶ್ನೆ: ಮೇಡಂ, ಮಗಳಿಗೆ ಎಲೆ ಡಿಸೈನಿನ ಮಫ್ಲರ್ ಹೆಣೆಯುತ್ತಿದ್ದೇನೆ. ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಹೆಣೆಯಬೇಕು, ಅದಕ್ಕೆ ‘ಪ್ರಾವಿಷನಲ್ ಕಾಸ್ಟ್ ಆನ್’ (ಕಡ್ಡಿಗೆ ಮೊದಲ ಕುಣಿಕೆಗಳನ್ನು ಆಮೇಲೆ ಬಿಚ್ಚುವಂತೆ ಹಂಗಾಮಿಯಾಗಿ ಹಾಕುವುದು) ಮಾಡಿ ಎಂದು ಪ್ಯಾಟರ್ನಿನಲ್ಲಿದೆ. ವಿಡಿಯೋ ನೋಡಿ, ಮನೆಯಲ್ಲಿದ್ದ ಬೇರೆ ಉಲ್ಲನ್ನಿನಲ್ಲಿ ಕ್ರೋಶಾ ಚೈನ್ ಹಾಕಿ, ಅದರಿಂದ 41 ಕುಣಿಕೆ ಎತ್ತಿಕೊಂಡೆ. ಒಂದು ಭಾಗ ಚೆನ್ನಾಗಿಯೇ ಬಂತು. ಆಮೇಲೆ ಚೈನ್ ಬಿಚ್ಚಲು ಹೋದರೆ ಎಳೆದಷ್ಟೂ ಬಿಗಿಯಾಯಿತು. ಕೊನೆಗೆ ಕತ್ತರಿಯಲ್ಲಿ ಚೂರು ಚೂರು ಕತ್ತರಿಸಿ ತೆಗೆದೆ. ಈಗ ಕಡ್ಡಿಯ ಮೇಲೆ 40 ಕುಣಿಕೆ ಮಾತ್ರ ಇದೆ. ಇನ್ನೊಂದು ಎಲ್ಲಿ ಬಿದ್ದುಹೋಯಿತು? ಇಡೀ ಮಫ್ಲರ್ ಬಿಚ್ಚಬೇಕಾ? ಮುಂದೆ ಮೊಮ್ಮಗನಿಗೆ ಸ್ವೆಟರ್ ಹಾಕುವ ಆಸೆ ಇದೆ. ಅದಕ್ಕೂ ಹೀಗೇ ಶುರು ಮಾಡಬೇಕಾ?
(ಓದುಗರು, ಸಕಲೇಶಪುರ)

ಉತ್ತರ:

ಬಿಚ್ಚಬೇಡಿ. ಯಾವ ಕುಣಿಕೆಯೂ ಬಿದ್ದಿಲ್ಲ. 41 ಎತ್ತಿಕೊಂಡವರಿಗೆ ಇನ್ನೊಂದು ಕಡೆಯಿಂದ 40 ಸಿಗುವುದೇ ಸರಿಯಾದ ಲೆಕ್ಕ. ಬಹಳಷ್ಟು ವಿಡಿಯೋಗಳಲ್ಲಿ ಈ ವಿಷಯ ಹೇಳದೆ ಮುಂದೆ ಹೋಗುತ್ತಾರೆ. ಹೊಸದಾಗಿ ಕಲಿಯುವವರು ಹೆದರಿ ಎಲ್ಲ ಬಿಚ್ಚಿಹಾಕುವುದು ಅದಕ್ಕೇ.

ಹೆಣೆದ ಒಂದು ಸಾಲನ್ನು ಹತ್ತಿರ ಹಿಡಿದು ನೋಡಿ. ನೂಲು ಮೇಲೆ ಹೋಗಿ ಬಾಗಿ ಕೆಳಗೆ ಬರುತ್ತದೆ, ಕೆಳಗೆ ಬಾಗಿ ಮತ್ತೆ ಮೇಲೆ ಹೋಗುತ್ತದೆ. ಮೇಲೆ ಬಾಗಿದ್ದು ಕುಣಿಕೆ, ನಾವು ಎಣಿಸುವುದು ಅದನ್ನೇ. ಕೆಳಗೆ ಬಾಗಿದ್ದು ಎರಡು ಕುಣಿಕೆಗಳ ನಡುವಿನ ಜೋಡಣೆ, ಅದನ್ನು ಯಾರೂ ಎಣಿಸುವುದಿಲ್ಲ. ಈಗ ಚೈನ್ ತೆಗೆದು ಮಫ್ಲರನ್ನು ತಲೆಕೆಳಗು ಮಾಡಿದಿರಿ. ಆಗ ನಿಮ್ಮ ಕೈಗೆ ಸಿಗುವುದು ಹಳೆಯ ಕುಣಿಕೆಗಳಲ್ಲ, ಅವುಗಳ ನಡುವಿನ ಜೋಡಣೆಗಳು. ಕೈಯಲ್ಲಿ ಬೆರಳು ಐದು, ಬೆರಳ ಸಂದಿ ನಾಲ್ಕು. ಹಾಗೆಯೇ 41 ಕುಣಿಕೆಗೆ 40 ಜೋಡಣೆ.

ಉಳಿದ ಒಂದನ್ನು ಅಂಚಿನಲ್ಲಿ ಮಾಡಿಕೊಳ್ಳಬೇಕು. ಮೊದಲ ಸಾಲನ್ನು ಮಫ್ಲರಿನ ಸೀದಾ ಬದಿಯಿಂದ ಹೆಣೆದಿದ್ದೀರಿ ಎಂದುಕೊಳ್ಳೋಣ. ಈಗ ತಲೆಕೆಳಗು ಮಾಡಿ, ಸೀದಾ ಬದಿಯನ್ನೇ ಎದುರಿಗೆ ಇಟ್ಟುಕೊಂಡರೆ, ಶುರುವಿನಲ್ಲಿ ಬಿಟ್ಟಿದ್ದ ಉಲ್ಲನ್ನಿನ ಬಾಲ ಎಡಗಡೆಯ ತುದಿಯಲ್ಲಿ ನೇತಾಡುತ್ತಿರುತ್ತದೆ. ಬಲಗಡೆಯಿಂದ ಹೊಸ ನೂಲು ಸೇರಿಸಿ 40 ಕುಣಿಕೆ ನಿಟ್ ಮಾಡಿಕೊಂಡು ಬನ್ನಿ. ಕೊನೆಗೆ ಆ ಬಾಲವನ್ನು ಎಡಗಡೆಯ ಕಡ್ಡಿಯ ಮೇಲೆ ಮುಂದಿನಿಂದ ಹಿಂದಕ್ಕೆ ಒಮ್ಮೆ ಹಾಯಿಸಿ. ಅದೇ 41ನೆಯದು. ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅದನ್ನೂ ನಿಟ್ ಮಾಡಿ. ಬಾಲ ತುಂಬಾ ಗಿಡ್ಡವಾಗಿದ್ದರೆ, ಇಲ್ಲವೇ ಈ ಕೆಲಸ ಕಿರಿಕಿರಿ ಅನಿಸಿದರೆ, ಮೊದಲ ಸಾಲಿನಲ್ಲಿ ಅಂಚಿನ ಪಕ್ಕ ಒಂದು ಕುಣಿಕೆ ಹೆಚ್ಚಿಸಿಕೊಳ್ಳಿ. ಕುತ್ತಿಗೆಗೆ ಸುತ್ತಿದ ಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಆದರೆ 40ರಲ್ಲೇ ಮುಂದುವರಿಯಬೇಡಿ. ಎಲೆ ಡಿಸೈನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಕುಣಿಕೆ ಜಾಸ್ತಿ ಇಟ್ಟಿರುತ್ತಾರೆ, ಎಡ ಬಲ ಸಮ ಬರಲಿ ಎಂದು. ಅದು ತಪ್ಪಿದರೆ ಕೊನೆಯ ಎಲೆ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಭಾಗದ ಕುಣಿಕೆಗಳು ಹಳೆಯ ಭಾಗದ ಕುಣಿಕೆಗಳ ನೇರಕ್ಕೆ ಬರುವುದಿಲ್ಲ, ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದಿರುತ್ತವೆ. ಜೋಡಣೆಯಿಂದ ಹುಟ್ಟಿದ್ದು ಜೋಡಣೆಯ ನೇರಕ್ಕೇ ಇರಬೇಕು, ಅಲ್ವಾ? ಡಿಕೆ ಎಂಬ ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ 4 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ.ಗೆ ಸುಮಾರು 22 ಕುಣಿಕೆ ಬರುತ್ತದೆ. ಅಂದರೆ ಈ ಅರ್ಧ ಕುಣಿಕೆ ಎರಡು ಮಿ.ಮೀ. ಚಿಲ್ಲರೆ. ಪ್ಲೇನ್ ಹೆಣಿಗೆಯಲ್ಲಿ ಕಾಣುವುದೇ ಇಲ್ಲ. ಗಾರ್ಟರಿನಲ್ಲೂ (ಎಲ್ಲ ಸಾಲೂ ನಿಟ್ ಮಾಡುವ ಹೆಣಿಗೆ) ಇಲ್ಲ. ರಿಬ್ಬಿಂಗಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ಉದ್ದ ಗೆರೆಗಳು ನಡುವೆ ಮುರಿದ ಹಾಗೆ. ಎಷ್ಟೇ ನುರಿತ ಕೈಯಾದರೂ ಇದನ್ನು ತಪ್ಪಿಸಲು ಆಗುವುದಿಲ್ಲ, ಇದು ಹೆಣಿಗೆಯ ಗುಣ. ಅದಕ್ಕೇ ನಡುವಿನಿಂದ ಶುರುವಾಗುವ ಯಾವುದೇ ಮಫ್ಲರಿಗೆ ಎರಡೂ ಕಡೆ ಮೊದಲ ನಾಲ್ಕು ಸಾಲು ಗಾರ್ಟರ್ ಹಾಕಿಕೊಳ್ಳಿ ಎಂದು ಹೇಳುತ್ತೇನೆ. ಕುತ್ತಿಗೆಯ ಹಿಂದೆ ಒಂದು ಸಣ್ಣ ಪಟ್ಟಿ ಬರುತ್ತದೆ, ಅರ್ಧ ಕುಣಿಕೆ ಅದರಲ್ಲಿ ಅಡಗಿಹೋಗುತ್ತದೆ. ನಿಮ್ಮ ಮಫ್ಲರಿನಲ್ಲಿ ಒಂದು ಭಾಗ ಆಗಲೇ ಮುಗಿದಿದೆ, ಹಾಗಾಗಿ ಈಗ ಸುಮ್ನೆ ಮುಂದುವರಿಯಿರಿ. ತೂತು ತೂತಿನ ಎಲೆ ಡಿಸೈನಿನಲ್ಲಿ ಎರಡು ಮಿ.ಮೀ. ಯಾರ ಕಣ್ಣಿಗೂ ಬೀಳುವುದಿಲ್ಲ.

ಕತ್ತರಿ ಹಾಕಿದ್ದೀರಲ್ಲ, ಮುಂದೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಕಿಟಕಿಯ ಬೆಳಕಿಗೆ ಹಿಡಿದು 40 ಕುಣಿಕೆಯನ್ನೂ ಒಂದೊಂದಾಗಿ ನೋಡಿ. ಕತ್ತರಿಯ ಮೊನೆ ತಾಗಿದ್ದರೆ ನೂಲಿನ ಒಂದೆರಡು ಎಳೆ ಕೂದಲಿನ ಹಾಗೆ ಎದ್ದಿರುತ್ತದೆ. ಅಂಥದ್ದು ಕಂಡರೆ ಅಲ್ಲಿ ಅದೇ ಬಣ್ಣದ ತುಂಡು ನೂಲನ್ನು ಜೊತೆಗೆ ಸೇರಿಸಿ ಹೆಣೆಯಿರಿ. ಕಾಣದಿದ್ದರೆ ನಿಶ್ಚಿಂತೆ.

ಇನ್ನು, ಚೈನ್ ಏಕೆ ಬಿಚ್ಚಲಿಲ್ಲ?

ಕ್ರೋಶಾ ಚೈನ್ ಒಂದೇ ತುದಿಯಿಂದ ಬಿಚ್ಚುತ್ತದೆ, ನೀವು ಮುಗಿಸಿದ ತುದಿಯಿಂದ. ಶುರು ಮಾಡಿದ ತುದಿ ಹಿಡಿದು ಎಳೆದರೆ ಬಿಗಿಯಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಯಾವ ತುದಿ ಎಂದು ಚೈನ್ ನೋಡಿಯೇ ಹೇಳಬಹುದು. ಚೈನಿನ ಮುಖದಲ್ಲಿ ಸಾಲಾಗಿ ‘ವಿ’ ಆಕಾರ ಕಾಣುತ್ತದೆ. ಅದರ ಚೂಪು ಮೊನೆ ಶುರುವಿನ ಕಡೆಗೆ, ತೆರೆದ ಬಾಯಿ ಮುಗಿದ ಕಡೆಗೆ ಇರುತ್ತದೆ. ಬಾಯಿ ನೋಡುತ್ತಿರುವ ದಿಕ್ಕಿನ ತುದಿಯನ್ನು ಬಿಚ್ಚಬೇಕು. ಇಷ್ಟೆಲ್ಲ ನೆನಪಿಟ್ಟುಕೊಳ್ಳುವ ಬದಲು ಚೈನ್ ಮುಗಿಸಿದ ಕೂಡಲೇ ಆ ಕಡೆಯ ಬಾಲಕ್ಕೆ ಒಂದು ಗಂಟು ಹಾಕಿಬಿಡಿ. ಗಂಟಿರುವ ಕಡೆಯಿಂದ ಬಿಚ್ಚುವುದು, ಮುಗೀತು.

ಎರಡನೆಯ ಕಾರಣವೂ ಇದ್ದೀತು. ಮೊದಲೇ ಚೈನ್ ಹಾಕಿಕೊಂಡು ಅದರಿಂದ ಕುಣಿಕೆ ಎತ್ತುವಾಗ, ಚೈನಿನ ಬೆನ್ನಿನಲ್ಲಿರುವ ಸಣ್ಣ ಉಬ್ಬುಗಳಲ್ಲೇ ಕಡ್ಡಿ ತೂರಿಸಬೇಕು. ಕಡ್ಡಿ ನೂಲಿನ ಎಳೆಗಳನ್ನು ಸೀಳಿಕೊಂಡು ಹೋಯಿತೋ, ಆ ಜಾಗದಲ್ಲಿ ಚೈನ್ ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಉಲ್ಲನ್ನಿನಲ್ಲೇ ಚೈನ್ ಹಾಕಿದ್ದೀರಿ. ಉಲ್ಲನ್ ಆಗಲಿ ಅಕ್ರಿಲಿಕ್ ಆಗಲಿ, ಅದರ ಎಳೆ ಸುಲಭವಾಗಿ ಸೀಳುತ್ತದೆ. ನವಿರು ಬೇರೆ ಇರುವುದರಿಂದ ಎರಡು ನೂಲೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹಾಗಾಗಿ ಆ ದಾರಿಯನ್ನೇ ಬಿಡಿ ಎನ್ನುತ್ತೇನೆ. ಅದಕ್ಕಿಂತ ಸುಲಭದ್ದು ಇದೆ: ಚೈನನ್ನು ನೇರವಾಗಿ ನಿಟ್ಟಿಂಗ್ ಕಡ್ಡಿಯ ಮೇಲೆಯೇ ಹಾಕುವುದು. ಉಬ್ಬು ಹುಡುಕುವ ಕೆಲಸವೇ ಇಲ್ಲ. ನಮ್ಮಲ್ಲಿ ನಿಟ್ಟಿಂಗ್ ಬಾರದವರಿಗೂ ಕ್ರೋಶಾ ಬರುತ್ತದೆ. ಬಾಗಿಲ ತೋರಣ, ಟೇಬಲ್ ಕವರ್ ಎಂದು ಒಂದು ಕಾಲದಲ್ಲಿ ಕ್ರೋಶಾ ಹಾಕದ ಮನೆಯೇ ಕಡಿಮೆ. ಆ ಕೈ ಇದ್ದವರಿಗೆ ಈ ವಿಧಾನ ಅರ್ಧ ಗಂಟೆಯ ಕೆಲಸ.

ಮೊದಲು ದಾರ. ನುಣುಪಾದ ಹತ್ತಿ ದಾರವೇ ಆಗಬೇಕು. ತೋರಣಕ್ಕೆ ತಂದು ಉಳಿದ ಕ್ರೋಶಾ ದಾರ ಇದ್ದರೆ ಒಳ್ಳೆಯದು. ಸಣ್ಣದೆನಿಸಿದರೆ ಎರಡೆಳೆ ಕೂಡಿಸಿಕೊಳ್ಳಿ. ಬಣ್ಣ ಎದ್ದು ಕಾಣುವಂತಿರಲಿ. ಆದರೆ ಬಿಳಿ ಅಥವಾ ಕೆನೆ ಬಣ್ಣದ ಉಲ್ಲನ್ನಿಗೆ ಕಡುಗೆಂಪು ದಾರ ಬೇಡ. ಅದರ ನವಿರು ಸಿಕ್ಕಿಕೊಂಡರೆ ಆರಿಸಿ ತೆಗೆಯುವಷ್ಟರಲ್ಲಿ ಸಾಕಾಗುತ್ತದೆ, ಬಣ್ಣ ಬಿಡುವ ದಾರವಾಗಿದ್ದರೆ ಇನ್ನೂ ಕಷ್ಟ. ತಿಳಿ ನೀಲಿ, ತಿಳಿ ಹಸಿರು ಸಾಕು. ಕ್ರೋಶಾ ಕಡ್ಡಿ ನಿಟ್ಟಿಂಗ್ ಕಡ್ಡಿಯ ದಪ್ಪದ ಆಸುಪಾಸಿನಲ್ಲಿರಲಿ.

ಕ್ರೋಶಾ ಕಡ್ಡಿಗೆ ಹತ್ತಿ ದಾರದ ಜಾರುಗಂಟು ಹಾಕಿ, ಅದನ್ನು ಬಲಗೈಯಲ್ಲಿ ಹಿಡಿಯಿರಿ. ಎಡಗೈಯಲ್ಲಿ ನಿಟ್ಟಿಂಗ್ ಕಡ್ಡಿ, ಮೊನೆ ಮೇಲಕ್ಕೆ. ದಾರ ಎಡಗೈ ಬೆರಳ ಮೇಲಿರಲಿ, ಆದರೆ ನಿಟ್ಟಿಂಗ್ ಕಡ್ಡಿಯ ಹಿಂದೆ ಇರಬೇಕು. ಈಗ ಕ್ರೋಶಾ ಕಡ್ಡಿಯನ್ನು ನಿಟ್ಟಿಂಗ್ ಕಡ್ಡಿಯ ಮುಂದೆ ಅಡ್ಡಲಾಗಿ ಇಟ್ಟು, ಹಿಂದಿರುವ ದಾರವನ್ನು ಕಡ್ಡಿಯ ಮೇಲಿನಿಂದ ಕೊಕ್ಕೆಗೆ ಸಿಕ್ಕಿಸಿ, ಜಾರುಗಂಟಿನೊಳಗಿಂದ ಎಳೆಯಿರಿ. ನಿಟ್ಟಿಂಗ್ ಕಡ್ಡಿಯ ಮೇಲೆ ಒಂದು ಕುಣಿಕೆ ಕೂತಿತು, ಕೊಕ್ಕೆಯಲ್ಲಿ ಒಂದು ಉಳಿಯಿತು. ಈಗ ದಾರ ಮುಂದೆ ಬಂದಿದೆ. ಅದನ್ನು ಎರಡು ಕಡ್ಡಿಗಳ ನಡುವಿನಿಂದ ಮತ್ತೆ ಹಿಂದಕ್ಕೆ ಕಳಿಸಿ. ಎಲ್ಲರೂ ಮರೆಯುವುದು ಇದನ್ನೇ. ಮರೆತರೆ ಕಡ್ಡಿಯ ಮೇಲೆ ಕುಣಿಕೆ ಕೂರದೆ ಬರೀ ಚೈನ್ ಬೆಳೆಯುತ್ತದೆ, ಆಗಲೇ ಗೊತ್ತಾಗಿಬಿಡುತ್ತದೆ. ಮತ್ತೆ ಎಳೆಯಿರಿ, ಹಿಂದಕ್ಕೆ ಕಳಿಸಿ, ಎಳೆಯಿರಿ. ಏಳೆಂಟು ಆಗುವಷ್ಟರಲ್ಲಿ ಕೈಗೆ ಲಯ ಬರುತ್ತದೆ.

ಬೇಕಾದಷ್ಟು ಆದ ಮೇಲೆ ನಿಟ್ಟಿಂಗ್ ಕಡ್ಡಿಯನ್ನು ಬಿಟ್ಟು ಮೂರು ನಾಲ್ಕು ಬರೀ ಚೈನ್ ಹಾಕಿ. ದಾರ ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಸಡಿಲವಾಗಿ ಎಳೆದುಬಿಡಿ. ಬಾಲದ ತುದಿಗೆ ನಾನು ಹೇಳಿದ ಗಂಟು. ಇನ್ನು ನಿಮ್ಮ ಉಲ್ಲನ್ ತೆಗೆದುಕೊಂಡು, 20 ಸೆಂ.ಮೀ. ಬಾಲ ಬಿಟ್ಟು, ಮೊದಲ ಸಾಲು ನಿಟ್ ಮಾಡಿ. ಆ ಸಾಲು ಸ್ವಲ್ಪ ಸಡಿಲವಾಗಿಯೇ ಬರಲಿ. ಇಲ್ಲಿ ಬಿಗಿ ಹಿಡಿದರೆ ಮಫ್ಲರಿನ ನಡುವೆ ಸೊಂಟ ಕಟ್ಟಿದ ಹಾಗೆ ಕಾಣುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ.

ಚೈನ್ ತೆಗೆಯುವಾಗ ಅವಸರ ಬೇಡ. ಚೈನ್ ಎಳೆದು, ಬಿಡುಗಡೆಯಾದ ಕುಣಿಕೆಯನ್ನು ಓಡಿ ಹಿಡಿಯುವ ವಿಡಿಯೋಗಳಿವೆ. ನೋಡಲು ಚೆಂದ, ಆದರೆ ಹೊಸಬರಿಗೆ ಅದು ಬೇಡವೇ ಬೇಡ. ಮೊದಲು ಕುಣಿಕೆಗಳನ್ನೆಲ್ಲ ಕಡ್ಡಿಗೆ ಏರಿಸಿಕೊಳ್ಳಿ, ಆಮೇಲೆ ಚೈನ್ ಬಿಚ್ಚಿ. ಏರಿಸಲು ಎರಡು ನಂಬರ್ ಸಣ್ಣ ಕಡ್ಡಿ ತೆಗೆದುಕೊಳ್ಳಿ. ನೀವು 4 ಮಿ.ಮೀ.ನಲ್ಲಿ, ಅಂದರೆ ಹಳೆಯ 8 ನಂಬರಿನಲ್ಲಿ ಹೆಣೆಯುತ್ತಿದ್ದರೆ 10 ನಂಬರ್, ಅಂದರೆ 3.25 ಮಿ.ಮೀ. ಕಡ್ಡಿ. (ಹಳೆಯ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಂಗಡಿಯಲ್ಲಿ ಕೇಳುವಾಗ ಮಿ.ಮೀ. ಲೆಕ್ಕದಲ್ಲೇ ಕೇಳುವುದು ಒಳ್ಳೆಯದು.) ಹೆಣಿಗೆಯನ್ನು ತಲೆಕೆಳಗು ಮಾಡಿ, ಮೇಜಿನ ಮೇಲೆ ಇಟ್ಟುಕೊಳ್ಳಿ. ಹತ್ತಿ ದಾರದ ಪಕ್ಕದಲ್ಲೇ ನಿಮ್ಮ ಉಲ್ಲನ್ನಿನ ಸಣ್ಣ ಕಮಾನುಗಳು ಸಾಲಾಗಿ ಕಾಣುತ್ತವೆ. ಬಣ್ಣ ಬೇರೆ ಇರಲಿ ಎಂದಿದ್ದು ಇದಕ್ಕೇ. ಪ್ರತಿ ಕಮಾನಿನೊಳಗೂ ಕಡ್ಡಿ ತೂರಿಸುತ್ತಾ ಹೋಗಿ, ಕುಣಿಕೆಯ ಬಲಗಾಲು ಕಡ್ಡಿಯ ಮುಂದೆ ಇರಲಿ. ಎಣಿಸಿ. 41ಕ್ಕೆ 40 ಬಂದರೆ ಎಲ್ಲ ಸರಿ ಇದೆ. 39 ಬಂದರೆ ಒಂದು ತಪ್ಪಿದೆ, ಚೈನ್ ಇನ್ನೂ ಅಲ್ಲೇ ಇರುವುದರಿಂದ ಹುಡುಕಿಕೊಳ್ಳಬಹುದು. ಆಮೇಲೆ ಗಂಟಿನ ಕಡೆಯಿಂದ ಬಾಲವನ್ನು ಹೊರಗೆಳೆದು ಬಿಚ್ಚಿ. ಎಲ್ಲಾದರೂ ಸಿಕ್ಕಿಕೊಂಡರೆ ಜಗ್ಗಬೇಡಿ, ಆ ಒಂದು ಜಾಗದಲ್ಲಿ ಹತ್ತಿ ದಾರವನ್ನು ಮಾತ್ರ ಕತ್ತರಿಸಿ ಮುಂದೆ ಹೋಗಿ. ಕತ್ತರಿಸುವುದೇನೂ ಅಪರಾಧವಲ್ಲ, ಕುಣಿಕೆಗಳು ಕಡ್ಡಿಯ ಮೇಲೆ ಭದ್ರವಾಗಿದ್ದರೆ ಆಯಿತು. ಹೆಣೆಯುವಾಗ ಮತ್ತೆ 4 ಮಿ.ಮೀ. ಕಡ್ಡಿಗೆ ಬನ್ನಿ.

ಕ್ರೋಶಾ ಬಾರದವರಿಗೆ ಇನ್ನೂ ಸರಳ ದಾರಿ ಇದೆ. ಹತ್ತಿ ದಾರದಲ್ಲಿ ನಿಮಗೆ ಬರುವ ಯಾವುದಾದರೂ ಕಾಸ್ಟ್ ಆನ್ ಮಾಡಿ, ಅದರಲ್ಲೇ ನಾಲ್ಕೈದು ಸಾಲು ಹೆಣೆದು, ಆಮೇಲೆ ಉಲ್ಲನ್ನಿಗೆ ಬದಲಾಯಿಸಿ. ತೆಗೆಯುವಾಗ ಕುಣಿಕೆಗಳನ್ನು ಕಡ್ಡಿಗೆ ಏರಿಸಿಕೊಂಡು ಹತ್ತಿಯ ಸಾಲುಗಳನ್ನು ಕತ್ತರಿಸಿ ಬಿಡಿಸಬೇಕು. ನಿಟ್ಟಿಂಗ್ ಮೆಷಿನ್ ಇಟ್ಟುಕೊಂಡವರು ಹೀಗೆ ಬೇರೆ ನೂಲಿನಲ್ಲಿ ಕೆಲವು ಸಾಲು ಓಡಿಸಿಯೇ ಎಷ್ಟೋ ಕೆಲಸ ಶುರು ಮಾಡುತ್ತಾರೆ. ದಾರ ದಂಡ ಎನಿಸಬಹುದು, ಆದರೆ ಜಾರುವ ನೂಲಿಗೆ ಇದಕ್ಕಿಂತ ಭದ್ರವಾದದ್ದು ಇಲ್ಲ. ದಾರವನ್ನು ಕಡ್ಡಿಯ ಕೆಳಗೆ ಹಿಡಿದು ಉಲ್ಲನ್ನನ್ನು ಹಿಂದೆ ಮುಂದೆ ಸುತ್ತುವ ವಿಧಾನವೂ ಇದೆ. ಬೇಗ ಆಗುತ್ತದೆ, ಆದರೆ ಕುಣಿಕೆಗಳು ಒಂದು ಸಡಿಲ ಒಂದು ಬಿಗಿ ಬರುತ್ತವೆ. ಕೈ ಪಳಗಿದ ಮೇಲೆ ನೋಡಿ. ಕಾಲುಚೀಲವನ್ನು ಬೆರಳಿನ ಕಡೆಯಿಂದ ಶುರು ಮಾಡುವವರು ಜೂಡಿ ಬೆಕರ್ ಎಂಬವರು 2006ರಲ್ಲಿ ‘ನಿಟ್ಟಿ’ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ತೋರಿಸಿಕೊಟ್ಟ ‘ಮ್ಯಾಜಿಕ್ ಕಾಸ್ಟ್ ಆನ್’ ಬಳಸುತ್ತಾರೆ. ಅದರಲ್ಲಿ ಬೇರೆ ದಾರವೇ ಬೇಡ, ಎರಡು ಕಡ್ಡಿಗೆ ಒಟ್ಟಿಗೆ ಕುಣಿಕೆ ಬೀಳುತ್ತದೆ. ಮಫ್ಲರಿಗೆ ಅದು ಅಷ್ಟು ಬೇಕಾಗುವುದಿಲ್ಲ.

ನಿಜ ಹೇಳಬೇಕೆಂದರೆ ಎಷ್ಟೋ ಮಫ್ಲರುಗಳಿಗೆ ಹಂಗಾಮಿ ಕಾಸ್ಟ್ ಆನ್ ಬೇಕಾಗುವುದೇ ಇಲ್ಲ. ಬರೀ ಗಾರ್ಟರ್, ಬರೀ ರಿಬ್ಬಿಂಗ್, ಚೌಕುಳಿ ಡಿಸೈನ್ ಇದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೆಣೆದುಬಿಡಿ. ತಲೆಕೆಳಗಾದರೂ ಅವು ಒಂದೇ ಥರ ಕಾಣುತ್ತವೆ. ಎಲೆಗೆ ಹಾಗಲ್ಲ, ಅದಕ್ಕೆ ತುದಿ ಬುಡ ಇದೆ. ನೇರವಾಗಿ ಹೆಣೆದರೆ ಎದೆಯ ಒಂದು ಕಡೆ ಎಲೆಗಳು ಕೆಳಕ್ಕೆ ಬಾಗಿರುತ್ತವೆ, ಇನ್ನೊಂದು ಕಡೆ ಮೇಲಕ್ಕೆ ನಿಂತಿರುತ್ತವೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳು ತೆಳು ಲೇಸ್ ಹೆಣಿಗೆಗೆ ಹೆಸರುವಾಸಿ. ಇಂಥ ಡಿಸೈನಿಗೆ ಅಲ್ಲಿನವರ ದಾರಿ ಬೇರೆ: ಎರಡು ತುದಿಗಳಿಂದ ಎರಡು ತುಂಡು ಹೆಣೆದು, ನಡುವೆ ಸೂಜಿಯಿಂದ ಕುಣಿಕೆಗೆ ಕುಣಿಕೆ ಸೇರಿಸುವುದು. ಅಲ್ಲೂ ಆ ಅರ್ಧ ಕುಣಿಕೆ ಸರಿಯುತ್ತದೆ, ಮತ್ತೆ ಸೂಜಿ ಕೆಲಸ ಬೇರೆ. ನಿಮ್ಮ ಪ್ಯಾಟರ್ನಿನ ದಾರಿಯೇ ವಾಸಿ.

ಮೊಮ್ಮಗನ ಸ್ವೆಟರಿಗೆ ಬರೋಣ. ಮಾಡಲೇಬೇಕು ಎಂದೇನಿಲ್ಲ, ಆದರೆ ಬೆಳೆಯುವ ಮಗುವಿಗೆ ಇದು ನಿಜಕ್ಕೂ ಉಪಯೋಗ. ಹೆಣಿಗೆ ಸರಾಗವಾಗಿ ಬಿಚ್ಚುವುದು ಮುಗಿಸಿದ ಕಡೆಯಿಂದ ಮಾತ್ರ. ಸಾಮಾನ್ಯವಾಗಿ ನಾವು ಕೆಳಗಿನ ಬಾರ್ಡರಿನಿಂದ ಶುರು ಮಾಡಿ ಹೆಗಲಿಗೆ ಹೋಗುತ್ತೇವೆ. ಮಗು ಉದ್ದ ಬೆಳೆದಾಗ ಕೆಳಗಡೆ ಸೇರಿಸಲು ಹೋದರೆ ಬಾರ್ಡರ್ ಬಿಚ್ಚುವುದಿಲ್ಲ, ಯಾಕೆಂದರೆ ಅದು ಶುರುವಿನ ತುದಿ. ಅದಕ್ಕೆ ಬಾರ್ಡರ್ ಬಿಟ್ಟು, ಅದರ ಮೇಲಿನ ಪ್ಲೇನ್ ಭಾಗದಿಂದ ಹಂಗಾಮಿ ಕಾಸ್ಟ್ ಆನ್ ಮಾಡಿ ಶುರು ಮಾಡಿ. ಹೆಗಲವರೆಗೆ ಹೆಣೆದು ಮುಗಿಸಿ. ಆಮೇಲೆ ಕುಣಿಕೆ ಎತ್ತಿಕೊಂಡು, ಚೈನ್ ಬಿಚ್ಚಿ, ಸಣ್ಣ ಕಡ್ಡಿಯಲ್ಲಿ ಬಾರ್ಡರನ್ನು ಕೆಳಮುಖವಾಗಿ ಹೆಣೆದು ಸಡಿಲವಾಗಿ ಮುಚ್ಚಿ. ಪ್ಲೇನಿನಿಂದ ರಿಬ್ಬಿಂಗಿಗೆ ತಿರುಗುವ ಜಾಗ ಅದಾದ್ದರಿಂದ ಅರ್ಧ ಕುಣಿಕೆ ಕಾಣುವುದಿಲ್ಲ. ಕಡಿಮೆಯಾದ ಒಂದು ಕುಣಿಕೆಯನ್ನೂ ಮೊದಲ ಸಾಲಿನಲ್ಲಿ ರಿಬ್ಬಿಂಗಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು, ಅಂಚು ಹೇಗೂ ಪಕ್ಕದ ಹೊಲಿಗೆಯೊಳಗೆ ಹೋಗುತ್ತದೆ.

ಮುಂದಿನ ಚಳಿಗಾಲಕ್ಕೆ ಗಿಡ್ಡವಾದರೆ ಬಾರ್ಡರ್ ಬಿಚ್ಚಿ, ನಾಲ್ಕೈದು ಸೆಂ.ಮೀ. ಪ್ಲೇನ್ ಸೇರಿಸಿ, ಮತ್ತೆ ಬಾರ್ಡರ್ ಹಾಕಿ. ಇದಕ್ಕೆ ಈಗಲೇ ಎರಡು ತಯಾರಿ ಬೇಕು. ಪಕ್ಕದ ಹೊಲಿಗೆ ಹಾಕುವಾಗ ಬಾರ್ಡರಿನ ಭಾಗವನ್ನು ಬೇರೆ ತುಂಡು ನೂಲಿನಿಂದ ಹೊಲಿಯಿರಿ, ಆಗ ಅಷ್ಟನ್ನೇ ಬಿಚ್ಚಬಹುದು. ಮತ್ತೆ ಉಲ್ಲನ್ ಕೊಳ್ಳುವಾಗ ಒಂದು ಉಂಡೆ ಜಾಸ್ತಿ ತನ್ನಿ, ಲೇಬಲ್ಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ್ದರ ಗುರುತು) ಎಲ್ಲ ಉಂಡೆಗೂ ಒಂದೇ ಇದೆಯಾ ನೋಡಿಕೊಳ್ಳಿ. ಒಂದು ವರ್ಷ ಬಿಟ್ಟು ಅಂಗಡಿಗೆ ಹೋದರೆ ಅದೇ ಬಣ್ಣ ಸಿಗಬಹುದು, ಅದೇ ಲಾಟ್ ಸಿಗುವುದು ಕಷ್ಟ.